ಮರದ ಹೊಟ್ಟೆಗೆ ಕಿವಿಗೊಡುವ ವರ್ನೆಲ್

ಮಂಗಳವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಸ್ಕಡೈನ್ ಊರಿನ ಎರಡನೇ ಬೀದಿಯಲ್ಲಿ ವರ್ನೆಲ್ ಗ್ಯಾಡ್ಸನ್ ಒಂದು ಮರವನ್ನು ತಬ್ಬಿಕೊಂಡು ನಿಂತಿದ್ದಾರೆ. ದೂರದಿಂದ ನೋಡಿದವರು ಪಾಪ, ಯಾರೋ ಹೆಂಗಸು ಅಳುತ್ತಿದ್ದಾಳೆ ಅಂದುಕೊಳ್ಳಬೇಕು. ಎಡಗೆನ್ನೆ ತೊಗಟೆಗೆ ಒತ್ತಿದೆ, ಬಲಗೈಯಲ್ಲಿ ಮರದ ಕೊಡತಿ. ಟಕ್. ಒಂದಡಿ ಮೇಲೆ ಮತ್ತೊಂದು ಟಕ್. ಸುತ್ತು ಹಾಕಿ ಬಂದು, ಮಂಡಿಯೂರಿ, ಬೇರಿನ ಬುಡಕ್ಕೆ ಇನ್ನೊಂದು. ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಎದೆಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆಯುತ್ತಾರೆ. ಗೆರೆ ಸೊಟ್ಟಗಿದೆ, ಯಾಕೆಂದರೆ ಎಳೆಯುವ ಕೈ ನಡುಗುತ್ತಿದೆ.

"ಚಳಿಗಲ್ಲ," ಅನ್ನುತ್ತಾರೆ, ಕೇಳುವ ಮೊದಲೇ. "ಸೆಪ್ಟೆಂಬರಲ್ಲಿ ಇಲ್ಲೆಲ್ಲಿ ಚಳಿ? ಇದು ಹೆದ್ರಿಕೆ. ಮೂರು ವರ್ಷದಿಂದ ಇದೆ. ಕಾಫಿ ಕುಡಿದ್ರೂ ಹೋಗಲ್ಲ, ಪ್ರಾರ್ಥನೆ ಮಾಡಿದ್ರೂ ಹೋಗಲ್ಲ."

ಕೊಲ್ಲಿಯ ನೀರಿನ ಮೇಲೆ ಚಂಡಮಾರುತವೊಂದು ಎದ್ದಿದೆ. ಶುಕ್ರವಾರದ ಹೊತ್ತಿಗೆ ಅಲಬಾಮಾದ ದಕ್ಷಿಣದ ಈ ತುದಿಗೆ ಬಂದು ಬಡಿಯುತ್ತದೆ ಎಂದು ರೇಡಿಯೋ ನಿನ್ನೆಯಿಂದ ಒಂದೇ ಸಮನೆ ಹೇಳುತ್ತಿದೆ. ಅಂಥ ವಾರ ಬಂತೆಂದರೆ ಊರಿನವರು ಆಕಾಶ ನೋಡುವುದಿಲ್ಲ, ತಮ್ಮ ಮನೆ ಮುಂದಿನ ಮರದ ಮೇಲೆ ವರ್ನೆಲ್ ಎಷ್ಟು ಗೆರೆ ಎಳೆದಿದ್ದಾರೆ ಎಂದು ನೋಡುತ್ತಾರೆ. ಒಂದು ಗೆರೆ ಇದ್ದರೆ ಮರ ಗಟ್ಟಿ, ಮನೆಯಲ್ಲೇ ಮಲಗಬಹುದು. ಎರಡು ಗೆರೆ ಇದ್ದರೆ ಒಳಗೆ ಪೊಳ್ಳು, ಹಾಸಿಗೆ ಸುತ್ತಿಕೊಂಡು ಶಾಲೆಯ ಹಾಲಿಗೆ ಹೋಗಬೇಕು. ಇದನ್ನು ಯಾವ ಕಚೇರಿಯೂ ಕಾನೂನು ಮಾಡಿಲ್ಲ. ಇಪ್ಪತ್ತಾರು ವರ್ಷಗಳಿಂದ ನಡೆದು ಬಂದಿದೆ, ಅಷ್ಟೆ.

ಊರ ಬೀದಿಗಳಲ್ಲಿ ಇನ್ನೂರ ಹದಿನಾಲ್ಕು ಮರಗಳಿವೆ. ಎಲ್ಲವೂ ಒಂದೇ ಜಾತಿ, ವಾಟರ್ ಓಕ್. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಎಪ್ಪತ್ತೈದು ವರ್ಷದ ಹಿಂದೆ ಒಂದು ದೊಡ್ಡ ಗಾಳಿ ಊರನ್ನು ಬೋಳು ಮಾಡಿ ಹೋದ ಮೇಲೆ, ಹಿರಿಯರಿಗೆ ಬೇಗ ನೆರಳು ಬೇಕಾಗಿತ್ತು. ಈ ಮರದಷ್ಟು ಬೇಗ ಬೆಳೆಯುವ ಓಕ್ ಇನ್ನೊಂದಿಲ್ಲ. ಊರಾಚೆಯ ಕಪ್ಪು ಹಳ್ಳದ ಅಂಚಿನಿಂದ ಸಸಿ ಕಿತ್ತು ತಂದು ಮನೆಗೊಂದರಂತೆ ನೆಟ್ಟರು. ಹತ್ತು ವರ್ಷಕ್ಕೆ ಸೂರು ದಾಟಿತು, ಇಪ್ಪತ್ತು ವರ್ಷಕ್ಕೆ ಬೀದಿಯೇ ಚಪ್ಪರವಾಯಿತು. ನೆಟ್ಟವರು ಒಂದು ಮಾತು ಮರೆತಿದ್ದರು. ಬೇಗ ಬೆಳೆದದ್ದು ಬೇಗ ಮುಗಿಯುತ್ತದೆ. ಇದರ ಅಣ್ಣತಮ್ಮಂದಿರಾದ ಬೇರೆ ಓಕ್‌ಗಳು ಮುನ್ನೂರು ವರ್ಷ ಬಾಳಿದರೆ, ಇದು ಎಂಬತ್ತಕ್ಕೆ ಕಣ್ಣು ಮುಚ್ಚುತ್ತದೆ.

"ನಮ್ಮ ಜನಕ್ಕೆ ಓಕ್ ಅಂದ್ರೆ ಓಕ್. ಅಮರ ಅಂದ್ಕೋತಾರೆ," ಎನ್ನುತ್ತಾರೆ ವರ್ನೆಲ್. ಬಿದ್ದಿದ್ದ ಒಂದು ಎಲೆ ಎತ್ತಿ ತೋರಿಸುತ್ತಾರೆ. ತೊಟ್ಟಿನ ಕಡೆ ಕಿರಿದು, ತುದಿ ಅಗಲ, ಬಾತುಕೋಳಿಯ ಪಾದದ ಹಾಗೆ. "ಇದು ನೀರಿನ ಮರ. ಹಳ್ಳದ ದಡ, ತಗ್ಗು, ಕೆಸರು, ಅಲ್ಲಿ ಇದರ ಸಂಸಾರ. ಇದರ ಕಾಯಿ ಹಣ್ಣಾಗೋಕೆ ಎರಡು ವರ್ಷ ಬೇಕು, ಆಮೇಲೆ ಕಾಡುಬಾತು, ಅಳಿಲು ಎಲ್ಲಾ ಅದನ್ನೇ ತಿಂತಾವೆ. ಹಳ್ಳದಲ್ಲಿ ಬಿದ್ರೆ ಬೀಳತ್ತೆ, ಯಾರಿಗೇನು? ನಾವು ತಂದು ಅಡುಗೆಮನೆ ಪಕ್ಕ ನೆಟ್ವಿ."

ಜನವರಿಯವರೆಗೂ ಎಲೆ ಉದುರುವುದಿಲ್ಲ. ಎಂಬತ್ತಡಿ ಎತ್ತರಕ್ಕೆ ಹಸಿರಾಗಿ, ರಾಜಗಾಂಭೀರ್ಯದಿಂದ ನಿಂತಿರುತ್ತದೆ. ಒಳಗೆ ಮಾತ್ರ ಮೂವತ್ತು ನಲವತ್ತು ವರ್ಷಕ್ಕೇ ತಿರುಳು ಕೊಳೆಯಲು ಶುರು. ಮೇಲೆ ಶೃಂಗಾರ, ಒಳಗೆ ಗೋಳಿಸೊಪ್ಪು ಎನ್ನುವುದು ಇದಕ್ಕೇ ಇರಬೇಕು. ಹೊರಗಿನಿಂದ ನೋಡಿ ಹೇಳುವ ಹಾಗಿಲ್ಲ, ಕೇಳಿಯೇ ತಿಳಿಯಬೇಕು. ಗಟ್ಟಿ ಮರ ಕೊಡತಿಗೆ ಚುಟುಕಾಗಿ ಉತ್ತರ ಕೊಡುತ್ತದೆ. ಪೊಳ್ಳು ಮರ ಖಾಲಿ ಪೀಪಾಯಿಯಂತೆ ಗುಮ್ಮೆನ್ನುತ್ತದೆ. ಮಾಮೂಲಿ ದಿನದಲ್ಲಿ ವರ್ನೆಲ್ ನಲವತ್ತು ಮರ ಕೇಳುತ್ತಾರೆ, ಗಾಳಿಯ ವಾರದಲ್ಲಿ ಎಪ್ಪತ್ತು. ಅವರಿಗೀಗ ಐವತ್ತೆಂಟು. ಒಮ್ಮೆ ಮೂವತ್ತಡಿಯಿಂದ ಬಿದ್ದು ಭುಜದ ಮೂಳೆ ಮುರಿದಿದೆ, ಒಂದು ಮಂಡಿ ಮಳೆ ಬರುವ ಮೊದಲೇ ನೋಯುತ್ತದೆ, ಕಣಜದ ಹುಳು ಕಚ್ಚಿದ್ದಕ್ಕೆ ಲೆಕ್ಕವಿಲ್ಲ. ಆದರೂ ಈಗಲೂ ಹಗ್ಗ ಕಟ್ಟಿ ಮೇಲೆ ಹತ್ತುತ್ತಾರೆ. ಒಣಗಿದ ಕೊಂಬೆಯನ್ನು ಚಳಿಗಾಲದಲ್ಲಿ, ಅದು ಕಾಂಡಕ್ಕೆ ಸೇರುವ ಕಡೆಯ ಉಬ್ಬನ್ನು ಉಳಿಸಿ, ಕತ್ತರಿಸುತ್ತಾರೆ, ಬುಡಕ್ಕೆ ಮಣ್ಣು ಗುಡ್ಡೆ ಹಾಕಿದವರನ್ನು ಗದರಿಸುತ್ತಾರೆ, ಮರದ ನೆತ್ತಿ ಬೋಳಿಸಿ ಎಂದು ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತಾರೆ.

ಈ ಕಸುಬು ಅವರಿಗೆ ಬಂದದ್ದು ತಂದೆ ಹೋಸಿಯಾ ಗ್ಯಾಡ್ಸನ್ ಅವರಿಂದ. ಹೋಸಿಯಾ ತೀರಿಕೊಂಡು ಹನ್ನೊಂದು ವರ್ಷ. ಊರು ಅವರನ್ನು ಮರದ ಡಾಕ್ಟರ್ ಎನ್ನುತ್ತಿತ್ತು. ಚರ್ಚಿನ ಬಾಗಿಲು ದಾಟಿದರೆ ಎದುರಿಗೇ ಅವರ ಫೋಟೋ, ಕೈಯಲ್ಲಿ ಗಾರೆ ಕೆಲಸದ ಕರಣೆ, ಬೆನ್ನ ಹಿಂದೆ ಮರ. ಕರಣೆ ಯಾಕೆಂದರೆ ಆ ಕಾಲದ ವೈದ್ಯವೇ ಅದು. ಕೊಂಬೆ ಮುರಿದು ಪೊಟರೆಯಾದರೆ ಕೊಳೆತದ್ದನ್ನು ಕೆರೆದು ತೆಗೆದು, ಹಲ್ಲಿನ ಡಾಕ್ಟರು ಹಲ್ಲು ತುಂಬಿದ ಹಾಗೆ ಸಿಮೆಂಟ್ ತುಂಬುವುದು. ಎರಡು ಮೂರು ವರ್ಷದಲ್ಲಿ ತೊಗಟೆ ಅದರ ಮೇಲೆ ಬೆಳೆದು, ಏನೂ ಆಗಿಯೇ ಇಲ್ಲವೆಂಬಂತೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹೋಸಿಯಾ ಮೂವತ್ತು ವರ್ಷ ಹೀಗೆ ಮರಗಳನ್ನು "ಗುಣಪಡಿಸಿದರು". ಯಾವ ಮರ, ಎಷ್ಟು ಮರ ಎಂದು ಎಲ್ಲೂ ಬರೆದಿಡಲಿಲ್ಲ.

ಮೂರು ವರ್ಷದ ಹಿಂದಿನ ಜೂನ್‌ನಲ್ಲಿ ಚರ್ಚಿನ ಬಳಗದ ಸಿಸ್ಟರ್ ಆರ್ಡೆಲ್ ಮನೆಯ ಮರವನ್ನು ವರ್ನೆಲ್ ಕೊಡತಿ ಬಡಿದು ಕೇಳಿದ್ದರು. ಚುಟುಕಾದ ಉತ್ತರ, ಒಂದು ಗೆರೆ. ಹದಿನೈದು ದಿನಕ್ಕೆ, ಚಂಡಮಾರುತವೂ ಅಲ್ಲ, ಮಧ್ಯಾಹ್ನದ ಒಂದು ಸಾಧಾರಣ ಗುಡುಗು ಮಳೆಗೆ ಆ ಮರ ಆಳೆತ್ತರದಲ್ಲಿ ಮುರಿದು ಜಗುಲಿಯ ಉಯ್ಯಾಲೆಯನ್ನು ಪುಡಿ ಮಾಡಿತು. ಆರ್ಡೆಲ್ ಅದೇ ಉಯ್ಯಾಲೆಯಲ್ಲಿ ಕೂತಿದ್ದವರು. ಒಲೆಯ ಮೇಲಿನ ಅವರೆಕಾಳು ಸೀದ ವಾಸನೆ ಬಂತೆಂದು ಆಗತಾನೆ ಎದ್ದು ಒಳಗೆ ಹೋಗಿದ್ದರು. ಗರಗಸ ಹಿಡಿದು ಮೊದಲು ಓಡಿ ಬಂದ ವರ್ನೆಲ್‌ಗೆ ಕಂಡದ್ದು, ಮುರಿದ ಬೊಡ್ಡೆಯ ನಡುವೆ ನೆಟ್ಟಗೆ ನಿಂತಿದ್ದ ಸಿಮೆಂಟಿನ ಕಂಬ. ಅದರ ಮೇಲೆ ಬೆರಳಲ್ಲಿ ಬರೆದ ಎರಡಕ್ಷರ, ಎಚ್.ಜಿ. ಹೋಸಿಯಾ ಗ್ಯಾಡ್ಸನ್.

ಆ ಅಕ್ಷರ ಓದಿದ ಗಳಿಗೆಯ ಬಗ್ಗೆ ಹೇಳುತ್ತಾರೆ: "ಅಪ್ಪ ಒಳಗಿಂದ ನನ್ನ ಕಿವಿಗೇ ಸುಳ್ಳು ಹೇಳಿದ ಹಾಗಾಯ್ತು. ಸಿಮೆಂಟ್ ತುಂಬಿದ ಮರ ಕೊಡತಿಗೆ ಗಟ್ಟಿ ಅಂತಲೇ ಹೇಳತ್ತೆ. ಗಾಳಿ ಬಂದಾಗ ಮರ ಬಾಗತ್ತೆ, ಸಿಮೆಂಟ್ ಬಾಗಲ್ಲ. ಅದರ ಅಂಚಿಗೇ ಮುರಿಯತ್ತೆ. ಸಂದಿಯಲ್ಲಿ ನೀರು ನಿಂತು ಕೊಳೆತ ಇನ್ನೂ ಜಾಸ್ತಿ. ಮರಕ್ಕೆ ಗಾಯ ವಾಸಿಯಾಗಲ್ಲ ಕಣ್ರೀ, ಅದು ಮುಚ್ಚಿಕೊಳ್ಳತ್ತೆ ಅಷ್ಟೇ."

ವರ್ನೆಲ್ ಕೂಡ ಮುಚ್ಚಿಕೊಂಡರು. ನೆರೆಹೊರೆಯವರು ಬರುವ ಮೊದಲು ಆ ಕಂಬವನ್ನು ಹೇಗೋ ಉರುಳಿಸಿ ತಮ್ಮ ಲಾರಿಗೆ ಹಾಕಿದರು. ಮನೆಗೆ ತಂದು ಹಿತ್ತಲ ಬಾಗಿಲಿಗೆ ಮೆಟ್ಟಿಲು ಮಾಡಿದರು, ಅಕ್ಷರವಿದ್ದ ಮುಖ ಕೆಳಗೆ. ಅಂದಿನಿಂದ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಚರ್ಚಿನ ಗೋಡೆಯ ಮೇಲಿನ ಅಪ್ಪನ ಹೆಸರು ಮಣ್ಣುಪಾಲು. ಹೇಳದಿದ್ದರೆ ತಾವೇ ಎಳೆದ ಒಂದು ಗೆರೆಯನ್ನು ನಂಬಿ ಯಾರಾದರೂ ಸಾಯಬೇಕು.

ಸಪೂರ ಸೂಜಿಯ ಡ್ರಿಲ್ ಹಾಕಿ ನೋಡಬಹುದು. ಆದರೆ ಕೊಳೆತದ ಸುತ್ತ ಮರ ತಾನೇ ಕಟ್ಟಿಕೊಂಡ ಗೋಡೆಗೆ ಪ್ರತಿ ತೂತೂ ಒಂದು ಬಾಗಿಲು, ಅದರಿಂದ ಕೊಳೆತ ಹೊರಗಿನ ಒಳ್ಳೆಯ ಮರಕ್ಕೂ ಹರಡುತ್ತದೆ. ಸುಮ್ಮಸುಮ್ಮನೆ ಇನ್ನೂರು ಮರ ಕೊರೆದರೆ ಗಟ್ಟಿ ಮರವೂ ಹಾಳು. ವರ್ನೆಲ್ ದೊಡ್ಡವರಾದ ಮೇಲೆ ಎಂಟು ವರ್ಷ ದೂರದ ಬಂದರಿನಲ್ಲಿ ಅಡುಗೆ ಕೆಲಸಕ್ಕಿದ್ದವರು. ಆ ಎಂಟು ವರ್ಷದಲ್ಲಿ ಅಪ್ಪ ಎಲ್ಲೆಲ್ಲಿ ಕರಣೆ ಆಡಿಸಿದರೋ ಅವರಿಗೆ ಗೊತ್ತಿಲ್ಲ, ಉಳಿದ ವರ್ಷಗಳದ್ದೂ ಅರೆಬರೆ ನೆನಪು.

ಈ ಮಂಗಳವಾರದ ಮುಂಜಾನೆ ಅವರು ನಿಂತಿರುವುದು ಮಿಸ್ ಯೂಲಾ ಪ್ರೂಡಮ್ ಅವರ ಅಂಗಳದಲ್ಲಿ. ಯೂಲಾಗೆ ಎಂಬತ್ತಾರು. ಮರದ ದೊಡ್ಡ ತೋಳು ನೇರವಾಗಿ ಅವರ ಮಲಗುವ ಕೋಣೆಯ ಮೇಲೆ ಚಾಚಿದೆ. ಆ ಒಂದು ಸೊಟ್ಟ ಗೆರೆ ಈಗತಾನೆ ಬಿದ್ದಿದೆ. ಯೂಲಾ ಕಾಫಿ ಲೋಟ ಹಿಡಿದು ಜಗುಲಿಗೆ ಬರುತ್ತಾರೆ.

"ಏನೇ ವರ್ನೆಲ್, ನನ್ ಮರಕ್ಕೆ ಮುತ್ತು ಕೊಡೋಕೆ ಇಷ್ಟು ಬೇಗ ಬಂದ್ಯಾ? ಗಂಡಸರು ಯಾರೂ ಸಿಗಲಿಲ್ವಾ?"

"ನಿಮ್ ಮರದಷ್ಟು ಸುಮ್ಮನಿರೋ ಗಂಡಸು ಸಿಗಲಿಲ್ಲ ಮಿಸ್ ಯೂಲಾ."

"ಒಂದೇ ಗೆರೆ ತಾನೆ? ಒಳ್ಳೇದಾಯ್ತು. ಆ ಸ್ಕೂಲಿನ ಮಡಚೋ ಮಂಚದ ಮೇಲೆ ನಾನಂತೂ ಮಲಗಲ್ಲ. ಹೋದ್ಸಲ ಪಕ್ಕದವನು ಗೊರಕೆ ಹೊಡೆದ ಹೊಡೆತಕ್ಕೆ, ಗಾಳಿ ಹೊರಗಿದೆಯೋ ಒಳಗಿದೆಯೋ ತಿಳೀಲಿಲ್ಲ."

ವರ್ನೆಲ್ ನಗುವುದಿಲ್ಲ. "ಮಿಸ್ ಯೂಲಾ, ಒಂದು ಮಾತು ಕೇಳ್ತೀನಿ. ನಮ್ಮಪ್ಪ ಈ ಮರಕ್ಕೆ ಏನಾದ್ರೂ ಮಾಡಿದ್ರಾ?"

"ಇದಕ್ಕಾ? ಇದಕ್ಕೇನಮ್ಮಾ ರೋಗ. ನನಗಿಂತ ಗಟ್ಟಿಯಾಗಿದೆ." ಯೂಲಾ ಹೇಳುವುದು ಕಾಫಿ ಲೋಟಕ್ಕೆ, ವರ್ನೆಲ್‌ಗಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಕೊಡತಿ ಚೀಲಕ್ಕೆ ಹಾಕಿ ಹೊರಟ ವರ್ನೆಲ್‌ಗೆ ಮೆಟ್ಟಿಲ ಪಕ್ಕದ ಬಟ್ಟೆ ಒಗೆಯುವ ಹಳೆಯ ತಗಡಿನ ತೊಟ್ಟಿ ಕಣ್ಣಿಗೆ ಬೀಳುತ್ತದೆ. ಯೂಲಾ ಅದರಲ್ಲಿ ಮಣ್ಣು ತುಂಬಿ ಸಾಸಿವೆ ಸೊಪ್ಪು ಬೆಳೆಯುತ್ತಾರೆ. ಇಪ್ಪತ್ತಾರು ವರ್ಷ ನೋಡಿದ ತೊಟ್ಟಿ. ಇವತ್ತು ಅದರ ಅಂಚು ಕಾಣಿಸುತ್ತದೆ. ಅಂಚಿನ ಒಳಗೆ, ಸೊಪ್ಪಿನ ಮರೆಯಲ್ಲಿ, ಬೆರಳಗಲ ಬೂದುಬಣ್ಣದ ಹೆಪ್ಪು. ವರ್ನೆಲ್ ಬಗ್ಗಿ ಉಗುರಿನಲ್ಲಿ ಕೆರೆಯುತ್ತಾರೆ. ಸಿಮೆಂಟ್.

"ಇದರಲ್ಲಿ ಕಲಸಿದ್ದು ಯಾರು ಮಿಸ್ ಯೂಲಾ?"

ಮುದುಕಿ ಲೋಟ ಕೆಳಗಿಡುತ್ತಾರೆ. "ಹೋಸಿಯಾ," ಎನ್ನುತ್ತಾರೆ. "ನೀನು ಬಂದರಲ್ಲಿದ್ದೆ. ಎರಡು ದಿನ ತುಂಬಿದ. ಯೂಲಾ, ನೀನು ಸಾಯೋವರೆಗೆ ಇದು ನಿಂತಿರತ್ತೆ ಅಂದ. ನನ್ನ ಗಂಡ ತೀರಿಕೊಂಡಿದ್ದು ಇದೇ ಕೋಣೇಲಿ ಮಗಾ. ನನ್ನನ್ನ ಇಲ್ಲಿಂದ ಎಬ್ಬಿಸಬೇಡ."

ವರ್ನೆಲ್ ಡ್ರಿಲ್ ತೆಗೆಯುತ್ತಾರೆ. ಮೊದಲು ಕೆಂಪು ಹೊಟ್ಟು ಉದುರುತ್ತದೆ, ಮೂರು ಇಂಚಿನಷ್ಟು. ಆಮೇಲೆ ಸೂಜಿ ಕಿರ್ರೆಂದು ನಿಲ್ಲುತ್ತದೆ. ಹೊರಗೆ ಎಳೆದರೆ ತುದಿಯಲ್ಲಿ ಬೂದು ಪುಡಿ. ಹಿಂದಿನ ಇಪ್ಪತ್ತಾರು ವರ್ಷವೂ ಇದೇ ಮರಕ್ಕೆ ಒಂದೇ ಗೆರೆ ಎಳೆದು, ಇದೇ ಮುದುಕಿಗೆ ಹಾಯಾಗಿ ಮಲಗಿ ಎಂದವರು ಅವರೇ. ಮತ್ತೆ ಸೀಮೆಸುಣ್ಣ ತೆಗೆದು ಎರಡನೇ ಗೆರೆ ಎಳೆಯುತ್ತಾರೆ.

"ನಿಮ್ಮಪ್ಪ ಹೇಳಿದ್ದು ಸುಳ್ಳೇನೇ?"

"ಸುಳ್ಳಲ್ಲ ಮಿಸ್ ಯೂಲಾ. ತಪ್ಪು." ಈ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು ಎಂದು ವರ್ನೆಲ್ ಆಮೇಲೆ ನೆನೆಯುತ್ತಾರೆ. ಯೂಲಾ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಆ ದಿನವಿಡೀ ವರ್ನೆಲ್ ಅಂಗಳದಿಂದ ಅಂಗಳಕ್ಕೆ ಮರ ಕೇಳುವ ನೆಪದಲ್ಲಿ ತೊಟ್ಟಿ, ಬಕೆಟ್ಟು, ಹಳೆಯ ಗುದ್ದಲಿಗಳ ಮೇಲೆ ಸಿಮೆಂಟಿನ ಕಲೆ ಹುಡುಕುತ್ತಾರೆ. ಹೀಗೆ ಎಷ್ಟು ಮನೆ ಅಂತ ಹುಡುಕುವುದು? ಬುಧವಾರ ಬಂತು. ಗಾಳಿ ದಿಕ್ಕು ಬದಲಿಸಿಲ್ಲ ಎಂದು ರೇಡಿಯೋ ಹೇಳಿತು. ಸಂಜೆ ಪ್ರಾರ್ಥನಾ ಸಭೆಗೆ ಅರವತ್ತು ಜನ ಸೇರಿದ್ದರು. ಪಾಸ್ಟರ್ ಲೀಮನ್ ಗಾಳಿಯಿಂದ ಕಾಪಾಡು ಎಂದು ಬೇಡಿ ಮುಗಿಸಿದ ಮೇಲೆ ವರ್ನೆಲ್ ಎದ್ದು ನಿಂತರು. ಕೆಲಸದ ಬೂಟು, ಮೈಮೇಲೆ ಮರದ ಹೊಟ್ಟು.

"ನಮ್ಮಪ್ಪ ಈ ಊರಿನ ಎಷ್ಟೋ ಮರಕ್ಕೆ ಸಿಮೆಂಟ್ ತುಂಬಿದ್ರು," ಎಂದರು. "ಒಳ್ಳೇದಾಗ್ಲಿ ಅಂತಲೇ ತುಂಬಿದ್ರು. ಆದರೆ ಅದು ತಪ್ಪು. ಆ ಮರಗಳು ನನಗೆ ಗಟ್ಟಿ ಅಂತ ಹೇಳ್ತಾವೆ, ಗಟ್ಟಿ ಇಲ್ಲ. ನಾನು ಎಳೆದಿರೋ ಒಂದು ಗೆರೆ ನಂಬಬೇಡಿ. ಯಾರ ಮನೆ ಮರಕ್ಕೆ ಅಪ್ಪ ಕೈ ಹಾಕಿದ್ರೋ ಅವರು ದಯವಿಟ್ಟು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಹಿಂದಿನ ಬೆಂಚಿನ ಹಿರಿಯರೊಬ್ಬರು ಮೆಲ್ಲಗೆ, "ಸತ್ತೋರನ್ನ ಯಾಕೆ ಎಳೆದು ತರ್ತೀಯ ವರ್ನೆಲ್? ಅವನ ಫೋಟೋ ಅಲ್ಲೇ ಇದೆ," ಎಂದರು. ಹೋಸಿಯಾ ಈ ಜನಕ್ಕೆ ಮರದ ಡಾಕ್ಟರ್ ಮಾತ್ರ ಅಲ್ಲ, ಅವರ ಮಕ್ಕಳ ಮದುವೆಗೆ ಚಪ್ಪರ ಹಾಕಿದವರು, ಅವರ ತಂದೆತಾಯಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಮಗಳ ಎದುರಿಗೇ ಅವರ ಕೆಲಸ ಕೆಟ್ಟದ್ದು ಎಂದು ಕೈ ಎತ್ತಿ ಹೇಳುವುದು ಹೇಗೆ?

ಆಗ ವರ್ನೆಲ್ ತಮ್ಮ ಕೈಯನ್ನೇ ಎತ್ತಿದರು.

"ನನ್ನ ಮನೇದು," ಎಂದರು. "ನನಗೆ ಹನ್ನೆರಡು ವರ್ಷ. ನೀರು ಹೊಯ್ದೋಳು ನಾನೇ. ನಲವತ್ತಾರು ವರ್ಷದಿಂದ ಗೊತ್ತು ನನಗೆ. ಮೂರು ವರ್ಷದಿಂದ ಅದರ ಅರ್ಥ ಗೊತ್ತಿದ್ದೂ ಅದರ ಕೆಳಗೇ ಮಲಗ್ತಿದೀನಿ. ಅದಕ್ಕೆ ಎರಡು ಗೆರೆ ಎಳೆದ್ರೆ ನೀವು ಯಾಕೆ ಅಂತ ಕೇಳ್ತೀರಿ ಅಂತ ಭಯ."

ಮುಂದಿನ ಸಾಲಿನಲ್ಲಿ ಯೂಲಾ ಅವರ ಕೈ ಎದ್ದಿತು, ಕೋಲು ಸಮೇತ. ಆಮೇಲೆ ಸಿಸ್ಟರ್ ಆರ್ಡೆಲ್ ಅವರದು. "ನಂದು ಬಿದ್ದೇ ಹೋಯ್ತಲ್ಲ," ಎಂದರು ಆರ್ಡೆಲ್, "ಆದರೂ ಎತ್ತಿದೀನಿ. ನೀನು ಆ ಕಂಬ ಲಾರಿಗೆ ಹಾಕ್ತಾ ಇದ್ದಿದ್ದು ಅಡುಗೆಮನೆ ಕಿಟಕಿಯಿಂದ ನೋಡಿದೆ ವರ್ನೆಲ್. ನಿನಗೆ ನೋವಾಗತ್ತೆ ಅಂತ ಸುಮ್ಮನಿದ್ದೆ." ಮೂರು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಪುಸ್ತಕ ಹಿಡಿದು ಹಾಡಿದ್ದರು. ಆ ಬೆಂಚಿನಿಂದ ಹಿಂದಕ್ಕೆ, ಒಂದೊಂದಾಗಿ, ಕೈಗಳು ಎದ್ದವು. ಸಿಮೆಂಟ್ ಚೀಲ ಹೊತ್ತವರು, ಹೋಸಿಯಾಗೆ ಊಟ ಬಡಿಸಿದವರು, ಆಗ ಮಕ್ಕಳಾಗಿದ್ದು ನಿಂತು ನೋಡಿದವರು. ಬಿದ್ದ ಮರ ಬಿಟ್ಟು ಇಪ್ಪತ್ತೇಳು. ವರ್ನೆಲ್ ಇನ್ನೂರು ಮರಕ್ಕೆ ಕಿವಿಯಿಟ್ಟು ಕೇಳಿಸಿಕೊಳ್ಳಲಾಗದ್ದು ಈ ಜನಕ್ಕೆ ಮೊದಲಿನಿಂದಲೂ ಗೊತ್ತಿತ್ತು. ಅವರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

ಯೂಲಾ ಅವರದು ಬಿಟ್ಟು ಉಳಿದ ಇಪ್ಪತ್ತಾರು ಮರಕ್ಕೂ ಗುರುವಾರ ಬೆಳಗಿನಿಂದ ಎರಡನೇ ಗೆರೆ ಬಿತ್ತು. ಮೊದಲನೆಯದು ವರ್ನೆಲ್ ಅವರ ಅಂಗಳದ್ದೇ. ಇಪ್ಪತ್ತೇಳು ಮನೆಯವರು ಹಾಸಿಗೆ ಸುತ್ತಿದರು. ಯೂಲಾ ತಮ್ಮ ದಿಂಬು, ಗಂಡನ ಟೋಪಿ ಹಿಡಿದು ವರ್ನೆಲ್ ಲಾರಿಯಲ್ಲಿ ಕೂತರು. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಗಾಳಿ ಬಂತು. ಶಾಲೆಯ ಹಾಲಿನಲ್ಲಿ ಮಡಚುವ ಮಂಚದ ಮೇಲೆ ಕೂತು ಜನ ಕಿವಿ ಮುಚ್ಚಿಕೊಂಡರು. ವರ್ನೆಲ್ ಮುಚ್ಚಿಕೊಳ್ಳಲಿಲ್ಲ. ದೂರದಲ್ಲಿ ಒಂದೊಂದು ಮರ ಮುರಿದಾಗಲೂ ಅದು ಯಾವ ಬೀದಿ ಎಂದು ಅಂದಾಜು ಮಾಡುತ್ತ ಕೂತಿದ್ದರು. ತಾವು ಒಂದೇ ಗೆರೆ ಎಳೆದು ಮನೆಯಲ್ಲೇ ಬಿಟ್ಟು ಬಂದವರು ಇನ್ನೂ ಸುಮಾರು ನೂರೆಂಬತ್ತು ಮನೆಯವರು. ಅವರ ಪೈಕಿ ಕೈ ಎತ್ತದವರು ಯಾರಾದರೂ ಇದ್ದರೆ? ಆ ನಾಲ್ಕು ತಾಸು ತಾವು ಬದುಕಿದ್ದರೋ ಸತ್ತಿದ್ದರೋ ತಮಗೇ ತಿಳಿಯದು ಎನ್ನುತ್ತಾರೆ.

ಒಟ್ಟು ಹನ್ನೊಂದು ಮರ ಬಿದ್ದವು. ಒಂಬತ್ತು, ಎರಡು ಗೆರೆಯವು. ಉಳಿದೆರಡು ಬೇರು ಸಮೇತ ರಸ್ತೆಗೆ ಮಗುಚಿದ್ದವು, ಮನೆಗೆ ತಾಗಲಿಲ್ಲ. ಒಂದು ಜೀವಕ್ಕೂ ಗೀರು ಬೀಳಲಿಲ್ಲ. ವರ್ನೆಲ್ ಅವರ ಅಂಗಳದ ಮರ ಆಳೆತ್ತರದಲ್ಲಿ ಮುರಿದು ಸೂರು ಸೀಳಿ ಅವರ ಮಂಚದ ಮೇಲೆ ಉದ್ದಕ್ಕೂ ಮಲಗಿತ್ತು. ಮಿಸ್ ಯೂಲಾ ಮರದ ಒಂದು ಕೊಂಬೆಯೂ ಅಲುಗಿರಲಿಲ್ಲ.

"ನೋಡ್ದ್ಯಾ? ಹೋಸಿಯಾ ಹೇಳಿದ್ದು ಹೇಳಿದ್ದೇ," ಎಂದು ಯೂಲಾ ಇವತ್ತಿಗೂ ಹಂಗಿಸುತ್ತಾರೆ. ಆದರೆ ಮಲಗುವ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿಕೊಂಡಿದ್ದಾರೆ. ಚಳಿಗಾಲದಲ್ಲಿ ಮರ ಇಳಿಸಲು ಒಪ್ಪಿದ್ದಾರೆ, ಮೇಲಿಂದ ಕೆಳಕ್ಕೆ, ತುಂಡು ತುಂಡಾಗಿ, ತಾವು ಜಗುಲಿಯಲ್ಲಿ ಕೂತು ನೋಡುವ ಷರತ್ತಿನ ಮೇಲೆ. ಚರ್ಚಿನಲ್ಲಿ ಫೋಟೋ ಇದ್ದಲ್ಲೇ ಇದೆ. ತೆಗೆಯಿರಿ ಎಂದು ಯಾರೂ ಹೇಳಲಿಲ್ಲ.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ವರ್ನೆಲ್ ಕಪ್ಪು ಹಳ್ಳದ ದಡದಲ್ಲಿದ್ದಾರೆ. ಹೋದ ವರ್ಷ ನೆನೆಹಾಕಿ ಮೊಳಕೆ ಬರಿಸಿದ ನಲವತ್ತು ವಾಟರ್ ಓಕ್ ಸಸಿಗಳು ಡಬ್ಬಗಳಲ್ಲಿ ಸಾಲಾಗಿ ನಿಂತಿವೆ. ಕೆಸರಿಗೆ ಮೊಣಕಾಲೂರಿ ಒಂದೊಂದೇ ನೆಡುತ್ತಾರೆ. ಬುಡದ ಉಬ್ಬು ಮಣ್ಣಿನ ಮೇಲೇ ಇರುವ ಹಾಗೆ, ಆಳಕ್ಕೆ ಹೂಳದೆ. ಊರೊಳಗೆ ಬಿದ್ದ ಮರಗಳ ಜಾಗಕ್ಕೆ ನಿಧಾನ ಬೆಳೆಯುವ ಬೇರೆ ಜಾತಿ ನೆಡಿಸಿದ್ದಾರೆ. ನೆರಳಿಗೆ ನಲವತ್ತು ವರ್ಷ ಕಾಯಬೇಕಲ್ಲ ಎಂದು ಜನ ಗೊಣಗಿದ್ದಾರೆ.

"ಗೊಣಗಲಿ. ಟೋಪಿ ಹಾಕ್ಕೊಳ್ಳಲಿ," ಎನ್ನುತ್ತಾರೆ. "ನಂದು ಒಂದೇ ಆಸೆ. ಈ ಮರನ ಬೀಳೋಕೆ ಜಾಗ ಇರೋ ಕಡೆ ನೆಡಬೇಕು. ಅದರದ್ದೇನೂ ತಪ್ಪಿಲ್ಲ ಪಾಪ."

ಮನೆಗೆ ಹೊಸ ಸೂರು ಬಿದ್ದಿದೆ. ಹಿತ್ತಲ ಮೆಟ್ಟಿಲಿನ ಸಿಮೆಂಟ್ ತುಂಡನ್ನು ತಿರುವಿ ಹಾಕಿದ್ದಾರೆ, ಎರಡಕ್ಷರ ಈಗ ಮೇಲೆ ಕಾಣುತ್ತವೆ. ಅದನ್ನು ದಾಟಿ, ಚೀಲ ಹೆಗಲಿಗೇರಿಸಿ, ಅವರು ಮೂರನೇ ಬೀದಿಗೆ ಹೊರಡುತ್ತಾರೆ. ಮೊದಲ ಮರಕ್ಕೆ ಕೆನ್ನೆಯೊತ್ತಿ ಕೊಡತಿ ಎತ್ತಿದರೆ ಕೈಯಲ್ಲಿ ಅದೇ ನಡುಕ. ಹೆದ್ರಿಕೆ ಇನ್ನೂ ಹೋಗಿಲ್ಲವಾ ಎಂದರೆ ತಲೆಯಾಡಿಸುತ್ತಾರೆ.

"ಹೋಗೋದು ಬೇಡ," ಎನ್ನುತ್ತಾರೆ. "ನಮ್ಮಪ್ಪನ ಕೈ ಒಂದು ದಿನವೂ ನಡುಗಿದ್ದು ನಾನು ನೋಡಿಲ್ಲ. ಒಂದ್ಸಲ ನಡುಗಿದ್ರೆ ಚೆನ್ನಾಗಿತ್ತು."